ಕಂದನ ಬಾಯಿವಾಸನೆಯೂ ಹಲ್ಲುಜ್ಜುವ ಹೊತ್ತಿನ ಹಠವೂ

ಹಾಲುಣ್ಣುವ ಕೂಸಿನ ಉಸಿರಿನ ಮೃದುವಾದ ಪರಿಮಳವನ್ನು ಬಲ್ಲ ತಾಯಿಗೆ, ಆ ಕೂಸಿಗೆ ಒಂದೂವರೆ ಎರಡು ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ ಮುತ್ತಿಡಲು ಬಾಗಿದಾಗ ಅದೇ ಬಾಯಿಂದ ಹುಳಿ ಬೆರೆತ ದುರ್ವಾಸನೆ ಬಂದಿತೆಂದರೆ ಮನಸ್ಸಿಗೆ ಕಸಿವಿಸಿಯಾಗುವುದು ಸಹಜವೇ ಸರಿ. ಮನೆಯಲ್ಲಿ ಹಿರಿಯರಿದ್ದರೆ ಒಬ್ಬರು ಹೊಟ್ಟೆಯ ಉಷ್ಣವೆನ್ನುತ್ತಾರೆ, ಮತ್ತೊಬ್ಬರು ಜಂತುಹುಳುವೆನ್ನುತ್ತಾರೆ, ಇನ್ನೊಬ್ಬರು ಹಲ್ಲು ಬರುವ ಕಾಲದಲ್ಲಿ ಇವೆಲ್ಲ ಇದ್ದದ್ದೇ ಎಂದು ಸಮಾಧಾನ ಹೇಳುತ್ತಾರೆ. ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ ಮನೆಯಲ್ಲಿ ಇನ್ನೊಂದು ಕಷ್ಟವೂ ತಲೆದೋರುತ್ತದೆ: ನಿನ್ನೆಯವರೆಗೆ ಬ್ರಷ್ಷನ್ನು ಆಟಿಕೆಯೆಂದು ಬಗೆದು ಚೀಪುತ್ತಿದ್ದ ಮಗು ಇಂದು ಅದನ್ನು ಕಂಡೊಡನೆ ತುಟಿ ಬಿಗಿದುಕೊಳ್ಳುತ್ತದೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಜಾರಿಕೊಳ್ಳುತ್ತದೆ, ಬಿಡದೆ ಹಿಡಿದರೆ ಬೀದಿಗೆ ಕೇಳಿಸುವಂತೆ ಅಳುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ಎಣಿಸಿ, ವಾಸನೆಗೆ ಮದ್ದನ್ನೂ ಹಠಕ್ಕೆ ಶಿಕ್ಷೆಯನ್ನೂ ಹುಡುಕುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಎಷ್ಟೋ ಮಕ್ಕಳಲ್ಲಿ ಎರಡರ ಮೂಲವೂ ಒಂದೇ. ನೋಯುವ ಬಾಯಿಯನ್ನು ಮಗು ಮುಟ್ಟಗೊಡುವುದಿಲ್ಲ, ಮುಟ್ಟದೆ ಬಿಟ್ಟ ಬಾಯಿ ನಾರುತ್ತದೆ ಮತ್ತು ಇನ್ನಷ್ಟು ನೋಯುತ್ತದೆ. ಆದ್ದರಿಂದ ಹಠವೆಂಬ ಮಾತನ್ನು ಆಡುವುದಕ್ಕೆ ಮುಂಚೆ ಆ ಬಾಯಿಯನ್ನು ಒಮ್ಮೆ ಬೆಳಕಿನಲ್ಲಿ ಚೆನ್ನಾಗಿ ನೋಡತಕ್ಕದ್ದು ಎಂಬುದೇ ಈ ಲೇಖನದ ಮುಖ್ಯವಾದ ಬಿನ್ನಹ.

ಮೊದಲು ವಾಸನೆಯ ವಿಚಾರ. ಹಲ್ಲಿನ ಮೇಲೆ, ಹಲ್ಲೂ ಒಸಡೂ ಕೂಡುವ ಅಂಚಿನಲ್ಲಿ, ನಾಲಗೆಯ ಹಿಂಭಾಗದ ಒರಟು ಮೈಯಲ್ಲಿ ಲಕ್ಷೋಪಲಕ್ಷ ಸೂಕ್ಷ್ಮಜೀವಿಗಳು ವಾಸಮಾಡುತ್ತವೆ. ಆಹಾರದ ಶೇಷವನ್ನೂ ಬಾಯಿಯ ಒಳಚರ್ಮದಿಂದ ಉದುರುವ ಕಣಗಳನ್ನೂ ಅವು ಒಡೆದು ತಿನ್ನುವಾಗ ಗಂಧಕ ಬೆರೆತ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲಿ ಒಂದು. ಹಗಲೆಲ್ಲ ಜೊಲ್ಲು ಹರಿಯುತ್ತ ಬಾಯಿಯನ್ನು ತೊಳೆಯುತ್ತಲೇ ಇರುವುದರಿಂದ ಈ ಅನಿಲಗಳು ನಿಲ್ಲುವುದಿಲ್ಲ. ನಿದ್ದೆಯಲ್ಲಿ ಜೊಲ್ಲಿನ ಒರತೆ ಬಹಳ ಕಡಮೆಯಾಗುತ್ತದೆ, ನುಂಗುವುದೂ ವಿರಳವಾಗುತ್ತದೆ. ಆದ್ದರಿಂದ ಬೆಳಗ್ಗೆ ಏಳುತ್ತಲೇ ಬರುವ ವಾಸನೆ ದೊಡ್ಡವರಿಗಿರುವಂತೆ ಮಗುವಿಗೂ ಇರುತ್ತದೆ. ನೀರು ಕುಡಿದು, ಹಲ್ಲುಜ್ಜಿ, ತಿಂಡಿ ತಿಂದ ಮೇಲೆ ಅದು ಹೋಗುವುದಾದರೆ ಚಿಂತೆಗೆ ಎಡೆಯಿಲ್ಲ. ಮಧ್ಯಾಹ್ನವೂ ಸಂಜೆಯೂ ಉಳಿದು, ದಿನದಿನವೂ ಬರುತ್ತಿದ್ದರೆ ಮಾತ್ರ ಕಾರಣವನ್ನು ಅರಸಬೇಕು. ಹೊಟ್ಟೆಯಿಂದ ವಾಸನೆ ಬರುವುದು ಅಪರೂಪ. ಜಂತುಹುಳುವಿನ ಮದ್ದನ್ನು 1ರಿಂದ 19 ವರ್ಷದವರಿಗೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮವೊಂದು 2015ರಿಂದ ನಡೆದುಬಂದಿದೆ. ಅಂಗನವಾಡಿಯಲ್ಲಿ ಕೊಟ್ಟಾಗ ಅದನ್ನು ಅವಶ್ಯವಾಗಿ ಹಾಕಿಸಬೇಕು, ಆದರೆ ರಕ್ತಹೀನತೆಯಿಂದಲೂ ಅಪೌಷ್ಟಿಕತೆಯಿಂದಲೂ ಕಾಪಾಡಲೆಂದು ಕೊಡುವ ಆ ಮಾತ್ರೆಯಿಂದ ಬಾಯಿಯ ವಾಸನೆ ಹೋಗಲೆಂದು ಕಾಯುತ್ತ ಕೂರುವುದು ಸಲ್ಲದು.

ಬಾಯಿಯನ್ನು ನೋಡುವುದೂ ಒಂದು ಹದವಾದ ಕೆಲಸ. ಕಿಟಕಿಯ ಬಳಿ ಬೆಳಕಿಗೆ ಅಭಿಮುಖವಾಗಿ ಕುಳಿತು, ಮಗುವನ್ನು ಅಂಗಾತ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತೋರುಬೆರಳಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಎತ್ತಬೇಕು. ನಗುವಾಗ ಕಾಣುವ ಹಲ್ಲಿನ ತುದಿ ಎಷ್ಟು ಬೆಳ್ಳಗಿದ್ದರೂ ರೋಗದ ಮೊದಲ ಗುರುತು ಕಾಣುವುದು ತುಟಿಯ ಮರೆಯಲ್ಲಿ, ಒಸಡಿನ ಅಂಚಿಗೆ ತಾಗಿದಂತೆ. ಅಲ್ಲಿ ಸುಣ್ಣದ ಗೆರೆ ಎಳೆದಂತೆ ಹೊಳಪಿಲ್ಲದ ಬಿಳುಪು ಕಂಡರೆ ಹಲ್ಲಿನ ಕವಚ ಕರಗತೊಡಗಿದೆಯೆಂದು ಅರ್ಥ. ಈ ಘಟ್ಟದಲ್ಲಿ ಎಚ್ಚೆತ್ತು ಸರಿಯಾಗಿ ಉಜ್ಜುವುದರಿಂದಲೂ ಫ್ಲೋರೈಡಿನಿಂದಲೂ ಅದನ್ನು ಅಲ್ಲಿಗೇ ತಡೆಯುವುದು ಸಾಧ್ಯ. ಬಿಟ್ಟರೆ ಆ ಬಿಳಿಯ ಗೆರೆ ಹಳದಿಯಾಗಿ, ಕಂದಾಗಿ, ಕೊನೆಗೆ ಕುಳಿಯಾಗುತ್ತದೆ. ಹಾಲುಹಲ್ಲಿನ ಕವಚ ಶಾಶ್ವತದಂತದ ಕವಚಕ್ಕಿಂತ ತೆಳುವಾದ್ದರಿಂದ ಈ ಪ್ರಯಾಣ ಬೇಗನೆ ಮುಗಿಯುತ್ತದೆ. ಆ ಕುಳಿಯಲ್ಲಿ ಸಿಕ್ಕಿ ಕೊಳೆಯುವ ಅನ್ನದ ಅಗುಳೂ ಬಿಸ್ಕತ್ತಿನ ಹಿಟ್ಟೂ ವಾಸನೆಗೆ ಆಗರವಾಗುತ್ತವೆ. ಒಸಡಿನ ಅಂಚು ಗುಲಾಬಿಯ ಬಣ್ಣ ಬಿಟ್ಟು ಕೆಂಪೇರಿ ಊದಿದೆಯೆ, ಹಲ್ಲಿನ ಮೇಲೆ ಪಾಚಿ ಕಟ್ಟಿದೆಯೆ, ಒಸಡಿನ ಮೇಲೆ ಕೀವು ತುಂಬಿದ ಸಣ್ಣ ಗುಳ್ಳೆಯಿದೆಯೆ, ನಾಲಗೆಯ ಹಿಂಭಾಗದಲ್ಲಿ ಹಾಲಿನ ಕೆನೆಯಂಥ ಪದರವಿದೆಯೆ ಎಂಬುದನ್ನು ಕ್ರಮವಾಗಿ ನೋಡಿದರೆ, ಹೆಚ್ಚಿನ ಮಕ್ಕಳ ಮಟ್ಟಿಗೆ ವಾಸನೆಯ ಕಾರಣ ಅಲ್ಲಿಯೇ ಸಿಕ್ಕಿಬಿಡುತ್ತದೆ.

ಮೇಲಿನ ಮುಂದಿನ ನಾಲ್ಕು ಬಾಚಿಹಲ್ಲುಗಳು ಕಂದಿ ಸವೆದಿದ್ದು, ಕೆಳಗಿನವು ಚೆನ್ನಾಗಿಯೇ ಇದ್ದರೆ ದಂತವೈದ್ಯರು ಕೇಳುವ ಮೊದಲ ಪ್ರಶ್ನೆ ರಾತ್ರಿಯ ಹಾಲಿನ ಬಾಟಲಿಯನ್ನು ಕುರಿತದ್ದು. ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋದ ಮಗುವಿನ ಮೇಲಿನ ಹಲ್ಲುಗಳ ಸುತ್ತ ಸಿಹಿಹಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಗೆಯೂ ಅದರಡಿಯಲ್ಲಿ ಒಸರುವ ಜೊಲ್ಲೂ ಕಾಯುತ್ತವೆ. ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುವ ಜೀವಿಗಳಿಗೆ ಇದಕ್ಕಿಂತ ಸುಭಿಕ್ಷ ಬೇರೆಯಿಲ್ಲ. ಬಾಟಲಿಯನ್ನು ಒಮ್ಮೆಗೇ ಕಿತ್ತುಕೊಂಡರೆ ಮನೆಯವರೆಲ್ಲರ ನಿದ್ದೆಯೂ ಕೆಡುವುದರಿಂದ, ದಿನದಿನಕ್ಕೆ ಹಾಲಿನಲ್ಲಿ ಸಕ್ಕರೆಯನ್ನು ಕಡಮೆಮಾಡುತ್ತ, ಆಮೇಲೆ ಹಾಲಿಗೆ ನೀರು ಬೆರೆಸುತ್ತ ಹೋಗಿ, ಕೊನೆಗೆ ಬಾಟಲಿಯಲ್ಲಿ ಬರಿಯ ನೀರೇ ಉಳಿಯುವಂತೆ ಮಾಡುವುದು ಅನೇಕ ತಾಯಂದಿರಿಗೆ ಕೈಗೂಡಿದ ಉಪಾಯ. ಕುಡಿಯಬೇಕಾದ ಹಾಲನ್ನು ಉಜ್ಜುವುದಕ್ಕೆ ಮುಂಚೆಯೇ ಲೋಟದಲ್ಲಿ ಕುಡಿಸಬೇಕು. ಬೆಲ್ಲ ಸಕ್ಕರೆಯಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಲ್ಲಿನ ಮಟ್ಟಿಗೆ ಅದು ಸತ್ಯವಲ್ಲ. ಬೆಲ್ಲ ಹಾಕಿದ ರಾಗಿ ಮಾಲ್ಟು, ಹಾಲಿನಲ್ಲಿ ಅದ್ದಿದ ರಸ್ಕು, ಖರ್ಜೂರ, ಜೇನು ಎಲ್ಲವೂ ಆ ಜೀವಿಗಳಿಗೆ ಒಂದೇ. ಎಷ್ಟು ತಿಂದಿತೆಂಬುದಕ್ಕಿಂತ ಎಷ್ಟು ಸಲ ತಿಂದಿತೆಂಬುದೇ ಮುಖ್ಯ. ಪ್ರತಿ ಸಲವೂ ಬಾಯಿ ಸುಮಾರು ಅರ್ಧ ಗಂಟೆ ಹುಳಿಯಾಗಿರುತ್ತದೆ. ಅಳು ನಿಲ್ಲಿಸಲೆಂದು ದಿನವಿಡೀ ಒಂದೊಂದು ಬಿಸ್ಕತ್ತನ್ನು ಕೈಗಿಡುವುದಕ್ಕಿಂತ ಊಟದ ಜೊತೆಗೇ ಒಂದು ಹೋಳಿಗೆ ಕೊಡುವುದು ಲೇಸು. ಜ್ವರದ, ಕೆಮ್ಮಿನ ಸಿರಪ್ಪುಗಳಲ್ಲಿಯೂ ಹಲವು ಸಿಹಿಯಾದವೇ. ರಾತ್ರಿ ಅವನ್ನು ಕೊಡಬೇಕಾಗಿ ಬಂದರೆ ಕೊಟ್ಟ ಮೇಲೆ ಉಜ್ಜಬೇಕು, ಉಜ್ಜಲಾಗದಿದ್ದರೆ ನಾಲ್ಕು ಗುಟುಕು ನೀರನ್ನಾದರೂ ಕುಡಿಸಬೇಕು.

ಬಾಯಿ ಶುಭ್ರವಾಗಿದ್ದೂ ವಾಸನೆ ಬರುತ್ತಿದ್ದರೆ ದೃಷ್ಟಿಯನ್ನು ಮೂಗಿನ ಕಡೆಗೆ ತಿರುಗಿಸಬೇಕು. ನೆಗಡಿಯಿಂದಲೋ ಅಲರ್ಜಿಯಿಂದಲೋ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಬೆಳೆದುದರಿಂದಲೋ ಮೂಗು ಕಟ್ಟಿದ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ; ರಾತ್ರಿಯೆಲ್ಲ ಒಣಗಿದ ಬಾಯಿ ಬೆಳಗ್ಗೆ ನಾರುತ್ತದೆ. ಟಾನ್ಸಿಲ್ಲಿನ ಸೋಂಕಿನಲ್ಲಿಯೂ ವಾಸನೆಯುಂಟು. ಇವಕ್ಕಿಂತ ವಿಶೇಷವಾಗಿ ಈ ವಯಸ್ಸಿನವರಿಗೇ ಮೀಸಲೆನ್ನಬಹುದಾದ ಕಾರಣವೊಂದಿದೆ: ಯಾರೂ ನೋಡದಾಗ ಮಗು ಮೂಗಿನೊಳಗೆ ತುರುಕಿಕೊಂಡ ವಸ್ತು. ಅವರೆಕಾಳು, ಕಡಲೆಕಾಳು, ಹುಣಿಸೆಬೀಜ, ಸರದ ಮಣಿ, ಸ್ಪಂಜಿನ ಚೂರು, ಕಾಗದದ ಉಂಡೆ, ಏನಾದರೂ ಆಗಬಹುದು. ನೆಗಡಿಯಲ್ಲಿ ಸಾಮಾನ್ಯವಾಗಿ ಎರಡು ಹೊಳ್ಳೆಗಳಿಂದಲೂ ಸಿಂಬಳ ಬರುತ್ತದೆ. ಒಂದೇ ಹೊಳ್ಳೆಯಿಂದ, ಹಳದಿಯೋ ಹಸಿರೋ ಆದ, ಕೆಲವೊಮ್ಮೆ ರಕ್ತ ಬೆರೆತ ದುರ್ಗಂಧದ ಸ್ರಾವ ಬರುತ್ತಿದ್ದರೆ ಅಲ್ಲೊಂದು ವಸ್ತು ಕುಳಿತಿದೆಯೆಂದೇ ಶಂಕಿಸಬೇಕು. ಹೇರ್‌ಪಿನ್ನಿನಿಂದಲೋ ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದಲೋ ಅದನ್ನು ತೆಗೆಯಹೊರಟರೆ ಅದು ಇನ್ನೂ ಹಿಂದಕ್ಕೆ ಸರಿದು ಶ್ವಾಸನಾಳಕ್ಕೆ ಬೀಳುವ ಅಪಾಯವುಂಟು. ಮಗುವನ್ನು ಕಿವಿ ಮೂಗು ಗಂಟಲಿನ ವೈದ್ಯರ ಬಳಿಗೆ ಒಯ್ಯುವುದೇ ಸರಿ. ಆಟಿಕೆ, ಗಡಿಯಾರ, ರಿಮೋಟುಗಳಲ್ಲಿರುವ ಗುಂಡಗಿನ ಬಟನ್ ಸೆಲ್ ಮೂಗಿನಲ್ಲಿ ಸಿಕ್ಕಿಕೊಂಡಿರುವ ಸಂದೇಹ ಬಂದರಂತೂ ಹೊತ್ತು ಕಳೆಯದೆ, ಮೂಗಿಗೆ ಯಾವ ಹನಿಯನ್ನೂ ಹಾಕದೆ, ಆಸ್ಪತ್ರೆಗೆ ಧಾವಿಸಬೇಕು, ಏಕೆಂದರೆ ಅದು ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸವನ್ನು ಸುಡುತ್ತದೆ.

ಇನ್ನೆರಡು ಸಂದರ್ಭಗಳನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಜ್ವರ ಬಂದು, ಒಸಡುಗಳು ಊದಿ ಕೆಂಪಾಗಿ ರಕ್ತ ಜಿನುಗುತ್ತ, ತುಟಿ ನಾಲಗೆಗಳ ಮೇಲೆ ಹುಣ್ಣುಗಳೆದ್ದು, ಮಗು ಜೊಲ್ಲು ಸುರಿಸುತ್ತ ಅನ್ನನೀರನ್ನು ಬಿಟ್ಟಿದ್ದರೆ ಅದು ಹರ್ಪಿಸ್ ಎಂಬ ವೈರಸ್ಸಿನ ಸೋಂಕಾಗಿರಬಹುದು. ವಾರ ಹದಿನೈದು ದಿನಗಳಲ್ಲಿ ತಾನಾಗಿ ಇಳಿಯುವುದಾದರೂ, ಆ ಅವಧಿಯಲ್ಲಿ ದೇಹದಲ್ಲಿ ನೀರು ಬತ್ತದಂತೆ ನೋಡಿಕೊಳ್ಳಲು ವೈದ್ಯರ ಸಲಹೆ ಅವಶ್ಯ. ಮತ್ತೊಂದು ಅಪರೂಪದ್ದು, ಆದರೆ ಘೋರವಾದದ್ದು: ಉಸಿರಿಗೆ ಅತಿಯಾಗಿ ಕಳಿತ ಹಣ್ಣಿನ ಅಥವಾ ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ ಬಂದು, ಜೊತೆಗೆ ಮಗು ಪದೇಪದೇ ನೀರು ಕೇಳುತ್ತ, ಪದೇಪದೇ ಮೂತ್ರ ಮಾಡುತ್ತ, ಮೈ ಇಳಿಯುತ್ತ, ವಾಂತಿಮಾಡಿ ಮಂಕಾಗಿ ಬಿದ್ದುಕೊಂಡಿದ್ದರೆ ಅದು ಸಕ್ಕರೆ ಕಾಯಿಲೆ ವಿಷಮಿಸಿದ ಲಕ್ಷಣವಾಗಿರಬಹುದು. ನಾಳೆ ನೋಡೋಣವೆನ್ನದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಹಠದ ವಿಚಾರ, ನನ್ನ ಮಟ್ಟಿಗೆ ಇದೇ ಹೆಚ್ಚು ಕಾಳಜಿಯಿಂದ ಬರೆಯಬೇಕಾದ ಭಾಗ; ಏಕೆಂದರೆ ಮಾತು ಬಾರದ ಮಗುವಿನ ಮೇಲೆ ಸುಳ್ಳು ಆರೋಪವನ್ನು ನಾವು ಹೊರಿಸುವುದು ಬಹಳವಾಗಿ ಇಲ್ಲಿಯೇ. ಮೇಲ್ದುಟಿಯ ಒಳಮೈಯಿಂದ ಮುಂದಿನ ಎರಡು ಹಲ್ಲುಗಳ ನಡುವಣ ಒಸಡಿಗೆ ಬರುವ ತೆಳುವಾದ ಚರ್ಮದ ಮಡಿಕೆಯೊಂದಿದೆ. ಕನ್ನಡಿಯ ಮುಂದೆ ತನ್ನ ತುಟಿಯನ್ನೆತ್ತಿ ನೋಡಿಕೊಂಡರೆ ಯಾರಿಗಾದರೂ ಕಾಣುತ್ತದೆ. ಎಳೆಯ ಮಕ್ಕಳಲ್ಲಿ ಅದು ಹಲ್ಲಿಗೆ ತೀರ ಹತ್ತಿರಕ್ಕೆ ಇಳಿದಿರುವುದುಂಟು. ದೊಡ್ಡವರ ಕೈ ಎಡದಿಂದ ಬಲಕ್ಕೆ ಒಂದೇ ಸಮನೆ ಬ್ರಷ್ಷನ್ನು ಎಳೆದಾಗ ಅದರ ಗಟ್ಟಿಯಾದ ಅಂಚು ಆ ಮಡಿಕೆಗೆ ಬಡಿಯುತ್ತದೆ, ಮತ್ತು ಆ ನೋವು ಚುರುಕಾದದ್ದು. ಎರಡು ಸಲ ಹಾಗೆ ಪೆಟ್ಟುತಿಂದ ಮಗು ಮೂರನೆಯ ಸಲ ತುಟಿ ಬಿಗಿದುಕೊಂಡರೆ ಅದನ್ನು ಹಠವೆನ್ನುವುದು ನ್ಯಾಯವೆ? ಪರಿಹಾರ ಸುಲಭ: ಎಡಗೈಯ ತೋರುಬೆರಳಿನಿಂದ ತುಟಿಯನ್ನೆತ್ತಿ, ಅದೇ ಬೆರಳನ್ನು ಆ ಮಡಿಕೆಯ ಮೇಲೆ ಅಡ್ಡವಾಗಿಟ್ಟು ಮರೆಮಾಡಿ, ಬೆರಳಿನ ಒಂದು ಪಕ್ಕದ ಹಲ್ಲುಗಳನ್ನು ಮೊದಲು, ಮತ್ತೊಂದು ಪಕ್ಕದವನ್ನು ಆಮೇಲೆ ಉಜ್ಜಬೇಕು. ಇದೊಂದನ್ನು ಸರಿಪಡಿಸಿದ ಮೇಲೆ ಅರ್ಧ ಜಗಳ ತೀರಿದ ಮನೆಗಳುಂಟು.

ಬೇರೆ ಕಾರಣಗಳೂ ಇಷ್ಟೇ ಸರಳವಾದವು. ಮೊದಲನೆಯ ದವಡೆಹಲ್ಲುಗಳು ವರ್ಷ ತುಂಬಿದ ಮೇಲೂ, ಎರಡನೆಯವು ಸುಮಾರು ಎರಡು ವರ್ಷದ ಆಸುಪಾಸಿನಲ್ಲೂ ಒಸಡನ್ನು ಸೀಳಿಕೊಂಡು ಬರುತ್ತವೆ. ಆ ದಿನಗಳಲ್ಲಿ ಅಲ್ಲಿ ಬ್ರಷ್ಷು ತಾಗಿದರೆ ನೋಯುತ್ತದೆ, ಆದ್ದರಿಂದ ತಣ್ಣೀರಿನಲ್ಲಿ ನೆನೆಸಿದ ಮೆತ್ತನೆಯ ಬಟ್ಟೆಯನ್ನು ಬೆರಳಿಗೆ ಸುತ್ತಿ ಅಷ್ಟು ಭಾಗವನ್ನು ಒರೆಸಿದರೆ ಸಾಕು. ದೊಡ್ಡವರ ಪೇಸ್ಟಿನಲ್ಲಿರುವ ಪುದೀನ ಎಳೆಯ ನಾಲಗೆಗೆ ಖಾರವಾಗಿ ಉರಿಯುತ್ತದೆ. ಮಗು 'ಖಾ, ಖಾ' ಎಂದು ನಾಲಗೆಯನ್ನು ಹೊರಚಾಚಿದರೆ ಅದನ್ನು ನಂಬಬೇಕು, ಮತ್ತು ಖಾರವಿಲ್ಲದ ಪೇಸ್ಟನ್ನು ತರಬೇಕು. ಕೆಲವರಿಗೆ ನಾಲಗೆಯ ಹಿಂಭಾಗಕ್ಕೆ ಏನು ತಾಗಿದರೂ ಓಕರಿಕೆ ಬರುತ್ತದೆ. ಅಂಥವರಿಗೆ ಹಾಲು ಕುಡಿದ ತಕ್ಷಣ ಉಜ್ಜಬಾರದು, ಬ್ರಷ್ಷಿನ ತಲೆ ತೀರ ಚಿಕ್ಕದಾಗಿರಬೇಕು, ನಾಲಗೆಯನ್ನು ಮುಂಭಾಗದಲ್ಲಿ ಮಾತ್ರ ಮೆಲ್ಲಗೆ ಒರೆಸಬೇಕು. ನಾಲಗೆ ಹೆರೆಯುವ ತಾಮ್ರದ ಪಟ್ಟಿಯನ್ನು ಈ ವಯಸ್ಸಿನಲ್ಲಿ ಉಪಯೋಗಿಸುವುದು ಬೇಡ. ಉಜ್ಜುವಾಗ ಒಸಡಿನಿಂದ ರಕ್ತ ಕಂಡಿತೆಂದು ಹೆದರಿ ಉಜ್ಜುವುದನ್ನೇ ಬಿಡುವವರುಂಟು. ಆ ರಕ್ತ ಬಹುಮಟ್ಟಿಗೆ ಪಾಚಿಯಿಂದ ಊದಿದ ಒಸಡಿನದು, ಬಿಡದೆ ಮೃದುವಾಗಿ ಉಜ್ಜಿದರೆ ಒಂದೆರಡು ವಾರಗಳಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ಇವು ಯಾವುವೂ ಇಲ್ಲದೆ ಮಗು ಬೇಡವೆನ್ನುವುದೂ ಇದೆಯಷ್ಟೆ. ಎರಡು ವರ್ಷದ ಮಗುವಿಗೆ ತಾನೆಂಬುದೊಂದಿದೆ, ತನ್ನ ಬಾಯಿ ತನ್ನದು ಎಂಬ ಅರಿವು ಆಗತಾನೆ ಮೂಡುತ್ತಿರುತ್ತದೆ. ಆ ಅರಿವು ಬೆಳೆಯಬೇಕಾದದ್ದೇ ಹೊರತು ಮುರಿಯಬೇಕಾದದ್ದಲ್ಲ. ಉಜ್ಜುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಅದರ ಮುಂದಿಡದೆ, ಕೆಂಪು ಬ್ರಷ್ಷೋ ಹಳದಿ ಬ್ರಷ್ಷೋ, ಅಜ್ಜಿಯ ಮಂಚದ ಮೇಲೋ ಅಪ್ಪನ ತೊಡೆಯ ಮೇಲೋ, ಮೇಲಿನ ಹಲ್ಲು ಮೊದಲೋ ಕೆಳಗಿನದೋ ಎಂಬ ಆಯ್ಕೆಗಳನ್ನು ಕೊಟ್ಟರೆ ಅದಕ್ಕೆ ತನ್ನ ಮಾತು ನಡೆಯಿತೆಂಬ ತೃಪ್ತಿ ದೊರೆಯುತ್ತದೆ. 'ನಾನೇ, ನಾನೇ' ಎಂದು ಬ್ರಷ್ಷನ್ನು ಕಿತ್ತುಕೊಂಡರೆ ಕೊಡಿ. 'ಮೊದಲು ಪುಟ್ಟನ ಸರದಿ, ಆಮೇಲೆ ಅಮ್ಮನ ಸರದಿ' ಎಂಬ ನಿಯಮವನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಮಗು ತಾನಾಗಿ ಮಾಡುವುದು ಬ್ರಷ್ಷನ್ನು ಕಡಿಯುವುದಷ್ಟೆ. ಹಲ್ಲಿನ ಎಲ್ಲ ಮೈಗಳನ್ನೂ ಶುಚಿಮಾಡುವ ಕೈಚಳಕ ಏಳೆಂಟು ವರ್ಷಕ್ಕೆ ಮುಂಚೆ ಬರುವುದಿಲ್ಲ, ಅಲ್ಲಿಯವರೆಗೆ ದೊಡ್ಡವರ ಕೈಯೇ ಬೇಕು. ಬೊಂಬೆಯ ಬಾಯನ್ನು ಮಗುವಿನಿಂದ ಉಜ್ಜಿಸುವುದು, ಅಪ್ಪನ ಹಲ್ಲನ್ನು ಉಜ್ಜಗೊಡುವುದು, ಒಂದೊಂದು ಹಲ್ಲಿಗೂ ಮನೆಯವರ ಒಂದೊಂದು ಹೆಸರಿಟ್ಟು 'ಈಗ ಅತ್ತೆಯ ಹಲ್ಲು, ಈಗ ಮಾವನ ಹಲ್ಲು' ಎಂದು ಎಣಿಸುವುದು, ಇಂಥ ಆಟಗಳನ್ನು ಮನೆಯವರೇ ಕಂಡುಕೊಳ್ಳುತ್ತಾರೆ. ಮೊಬೈಲನ್ನು ಮುಂದಿಟ್ಟು ಮರೆಸುವುದನ್ನು ನಾನು ಒಪ್ಪಲಾರೆ. ಅದಿಲ್ಲದೆ ಬಾಯಿ ತೆರೆಯದಂತಾದ ಮೇಲೆ ತಾಯಿಗೆ ಎರಡು ಕಷ್ಟಗಳಾಗುತ್ತವೆ.

'ಹಲ್ಲುಜ್ಜಿಸಿಕೊಳ್ಳದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ' ಎಂಬ ಬೆದರಿಕೆಯನ್ನು ದಯವಿಟ್ಟು ಆಡಬೇಡಿ. ಇಂದಿನ ಎರಡು ನಿಮಿಷದ ಅನುಕೂಲಕ್ಕಾಗಿ ಆಡಿದ ಆ ಮಾತು, ನಾಳೆ ನಿಜವಾಗಿಯೂ ವೈದ್ಯರ ಕುರ್ಚಿಯಲ್ಲಿ ಕೂರಬೇಕಾದಾಗ ಮಗುವಿನ ಎದೆಯಲ್ಲಿ ನಡುಕವಾಗಿ ನಿಲ್ಲುತ್ತದೆ. ಉಜ್ಜಿಸಿಕೊಂಡರೆ ಚಾಕೊಲೇಟು ಕೊಡುತ್ತೇನೆಂಬ ಆಸೆಯೂ ಸಲ್ಲದು. ಹಾಗಾದರೆ ಏನು ಮಾಡಿದರೂ ಒಪ್ಪದ ರಾತ್ರಿ ಹಿಡಿದು ಉಜ್ಜಬಹುದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ನೋವಿಲ್ಲವೆಂದು ಬಾಯಿಯನ್ನು ನೋಡಿ ಖಚಿತಮಾಡಿಕೊಂಡ ಮೇಲೆ, ಗದರದೆ, ಮೃದುವಾಗಿ, ಆದರೆ ಕದಲದಂತೆ ಹಿಡಿದು ಅರ್ಧ ನಿಮಿಷದಲ್ಲಿ ಮುಗಿಸಿ, ಮುಗಿದೊಡನೆ ಎದೆಗಪ್ಪಿಕೊಂಡರೆ ಮಗುವಿಗೆ ಯಾವ ಹಾನಿಯೂ ಇಲ್ಲ. ಬೆಳಗಿನದು ಒಂದು ದಿನ ಅರೆಬರೆಯಾದರೂ ಚಿಂತೆಯಿಲ್ಲ, ರಾತ್ರಿಯದು ತಪ್ಪಕೂಡದು. ಏಕೆಂದರೆ ಅಲ್ಲಿಂದ ಮುಂದೆ ಎಂಟು ಹತ್ತು ಗಂಟೆ ಬಾಯನ್ನು ತೊಳೆಯಲು ಜೊಲ್ಲಿನ ಸಹಾಯವೂ ಇರುವುದಿಲ್ಲ. ನಿದ್ದೆಯ ಮಂಪರಿನಲ್ಲಿ ತೂಕಡಿಸುವ ಮಗುವಿನೊಡನೆ ಹೋರಾಡುವುದಕ್ಕೆ ಬದಲು ರಾತ್ರಿಯ ಊಟವಾದ ಕೂಡಲೇ ಉಜ್ಜಿ, ಆಮೇಲೆ ನೀರಲ್ಲದೆ ಬೇರೇನನ್ನೂ ಕೊಡದಿರುವುದು ಜಾಣತನ.

ಉಜ್ಜುವುದಕ್ಕೆ ಬಚ್ಚಲುಮನೆಯೇ ಆಗಬೇಕೆಂಬ ನಿಯಮವಿಲ್ಲ. ಇಬ್ಬರು ದೊಡ್ಡವರು ಎದುರುಬದುರಾಗಿ ಮಂಡಿಗೆ ಮಂಡಿ ತಾಗುವಂತೆ ಕುಳಿತು, ಮಗುವನ್ನು ಒಬ್ಬರ ಕಡೆಗೆ ಮುಖಮಾಡಿ ಕೂರಿಸಿ ಹಿಂದಕ್ಕೆ ಒರಗಿಸಿದರೆ, ತಲೆ ಇನ್ನೊಬ್ಬರ ತೊಡೆಗೆ ಬರುತ್ತದೆ. ಕೈಕಾಲು ಒಬ್ಬರ ವಶದಲ್ಲಿ, ಬಾಯಿ ಮತ್ತೊಬ್ಬರ ಕಣ್ಣೆದುರಿನಲ್ಲಿ, ಮತ್ತು ಮಗುವಿಗೆ ಪರಿಚಿತ ಮುಖವೊಂದು ಕಾಣುತ್ತಲೇ ಇರುತ್ತದೆ. ಒಬ್ಬರೇ ಇದ್ದರೆ ನೆಲದ ಮೇಲೆ ಕಾಲುಚಾಚಿ ಕುಳಿತು ಮಗುವಿನ ತಲೆಯನ್ನು ತೊಡೆಗಳ ನಡುವೆ ಇರಿಸಿಕೊಳ್ಳಬಹುದು. ಮೆತ್ತನೆಯ ಎಳೆಗಳ ಬ್ರಷ್ಷನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಪುಟ್ಟಪುಟ್ಟ ಸುತ್ತುಗಳಲ್ಲಿ ಹೊರಮೈ, ಒಳಮೈ, ಅಗಿಯುವ ಮೈ ಎಂಬ ಕ್ರಮದಲ್ಲಿ ಸಾಗಬೇಕು. ಮಗು ಹಲ್ಲು ಕಚ್ಚಿಕೊಂಡರೂ ಕೆನ್ನೆಯೊಳಗೆ ಬೆರಳು ಜಾರಿಸಿ ಹೊರಮೈಯನ್ನು ಉಜ್ಜಬಹುದು. 20 ಹಾಲುಹಲ್ಲುಗಳೂ ಬಂದು ದವಡೆಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡ ಮೇಲೆ ಅವುಗಳ ಸಂದಿಯಲ್ಲಿ ದಾರ ಆಡಿಸುವುದನ್ನು ದಂತವೈದ್ಯರಿಂದ ಕಲಿಯಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ, ಅಥವಾ ಎಳೆಗಳು ಕೆದರಿದೊಡನೆ, ಬ್ರಷ್ಷನ್ನು ಬದಲಿಸಬೇಕು.

ಪೇಸ್ಟಿನ ಪ್ರಮಾಣ ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಒಂದು ಬಟಾಣಿಯಷ್ಟು. ಜಾಹೀರಾತಿನ ಚಿತ್ರದಲ್ಲಿ ಬ್ರಷ್ಷಿನ ಉದ್ದಕ್ಕೂ ಬಳ್ಳಿಯಂತೆ ಹಾಕಿ ತೋರಿಸುವುದು ಮಕ್ಕಳಿಗಲ್ಲ. ಹಲ್ಲು ಹುಳುಕಾಗದಂತೆ ಕಾಯುವುದು ಫ್ಲೋರೈಡ್. ಅದು 1000 ಪಿಪಿಎಂ ಇರುವ ಪೇಸ್ಟಿನ ಅಕ್ಕಿಕಾಳಿನಷ್ಟರಲ್ಲಿ ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್ ಇರುತ್ತದಾಗಿ, ಉಗುಳಲು ಬಾರದ ಮಗು ಅದನ್ನು ನುಂಗಿದರೂ ಭಯವಿಲ್ಲ. ಆದರೆ ನಮ್ಮ ನಾಡಿನಲ್ಲಿ ಇದರ ಜೊತೆಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿಯೂ ಕೋಲಾರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿದೆ. ಭಾರತೀಯ ಮಾನಕ ಒಪ್ಪಿರುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5. ಶಾಶ್ವತವಾದ ಮುಂದಿನ ಹಲ್ಲುಗಳ ಕವಚ ಒಸಡಿನೊಳಗೆ ರೂಪುಗೊಳ್ಳುವುದು ಬಾಳಿನ ಮೊದಲ ಮೂರು ನಾಲ್ಕು ವರ್ಷಗಳಲ್ಲಿಯೇ. ಆ ಕಾಲದಲ್ಲಿ ಫ್ಲೋರೈಡ್ ಮಿತಿಮೀರಿ ಹೊಟ್ಟೆಗೆ ಹೋದರೆ ಅವು ಬಿಳಿಯ ಮಚ್ಚೆಗಳೊಡನೆಯೋ ಕಂದುಬಣ್ಣದ ಪಟ್ಟೆಗಳೊಡನೆಯೋ ಹುಟ್ಟುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಆ ಪ್ರದೇಶಗಳ ತಾಯ್ತಂದೆಗಳು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಮಗುವಿಗೆ ಕೊಡಬೇಕು, ಪೇಸ್ಟಿನ ವಿಷಯದಲ್ಲಿ ದಂತವೈದ್ಯರನ್ನು ಕೇಳಿ ನಡೆಯಬೇಕು. ಉಳಿದವರು ಡಬ್ಬಿಯ ಮೇಲಣ ಬರಹವನ್ನು ಓದಿ ಕೊಳ್ಳಲಿ. ಮಕ್ಕಳದೆಂದು ಮಾರುವ ಪೇಸ್ಟುಗಳಲ್ಲಿ ಫ್ಲೋರೈಡ್ ಎಳ್ಳಷ್ಟೂ ಇಲ್ಲದವೂ ಇವೆ.

ಬೇವಿನ ಕಡ್ಡಿ, ಇದ್ದಿಲು, ಬೂದಿ, ಉಪ್ಪು, ಹಲ್ಲುಪುಡಿಗಳಿಂದ ಉಜ್ಜಿ ಎಂಬತ್ತು ವರ್ಷ ಹಲ್ಲು ಉಳಿಸಿಕೊಂಡ ಅಜ್ಜಂದಿರು ನಮ್ಮ ನಡುವೆ ಇದ್ದಾರೆ, ಅವರ ಮೇಲೆ ನನಗೆ ಗೌರವವೂ ಇದೆ. ಆದರೆ ಅವರ ಬಾಲ್ಯದ ಬಟ್ಟಲಿನಲ್ಲಿ ದಿನಕ್ಕೈದು ಸಲ ಬಿಸ್ಕತ್ತು ಇರಲಿಲ್ಲ. ಇದ್ದಿಲೂ ಬೂದಿಯೂ ಎಳೆಯ ಹಲ್ಲಿನ ತೆಳುವಾದ ಕವಚವನ್ನು ಮರಳುಕಾಗದದಂತೆ ಉಜ್ಜಿ ತೆಗೆಯುತ್ತವೆ. ಹಲ್ಲುಜ್ಜುವ ಕಡ್ಡಿಯನ್ನು ವಿಧಿಸಿದ ಚರಕಸಂಹಿತೆಯೇ ದಿನಕ್ಕೆ ಎರಡು ಹೊತ್ತು ಉಜ್ಜಬೇಕೆಂದೂ ಒಸಡಿಗೆ ನೋವಾಗದಂತೆ ಉಜ್ಜಬೇಕೆಂದೂ ಹೇಳುತ್ತದೆ. ಪರಂಪರೆಯನ್ನು ಅನುಸರಿಸಬೇಕೆನ್ನುವವರು ಈ ಎರಡನ್ನು ಹಿಡಿದರೆ ಸಾಕು. ಬಾಯಿವಾಸನೆಗೆಂದು ದೊಡ್ಡವರ ಮೌತ್‌ವಾಷನ್ನು ಮಗುವಿನ ಬಾಯಿಗೆ ಹಾಕುವುದು ಅಪಾಯ, ಮಗು ಅದನ್ನು ನುಂಗಿಬಿಡುತ್ತದೆ. ಲವಂಗ, ಏಲಕ್ಕಿ ಗಂಟಲಿಗೆ ಸಿಕ್ಕುವ ವಸ್ತುಗಳು. ಇನ್ನೊಂದು ಸೂಕ್ಷ್ಮವೂ ಇದೆ: ಹುಳುಕಿನ ಜೀವಿಗಳು ಮಗುವಿನ ಬಾಯಿಗೆ ಬರುವುದು ಹೆಚ್ಚಾಗಿ ಅದನ್ನು ಸಾಕುವವರ ಬಾಯಿಂದಲೇ, ಚಪ್ಪರಿಸಿದ ಚಮಚ, ಅಗಿದು ಕೊಟ್ಟ ತುತ್ತುಗಳ ಮೂಲಕ. ತಾಯಿ ತನ್ನ ಹುಳುಕುಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದು ಮಗುವಿನ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಬಿದ್ದುಹೋಗುವ ಹಲ್ಲಿಗೆ ಇಷ್ಟು ಉಪಚಾರವೇತಕ್ಕೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳದೆ ಇರುವುದಿಲ್ಲ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಉಳಿದು ಅಗಿಯುವ ಕೆಲಸವನ್ನು ಮಾಡಬೇಕು, ಮುಂದೆ ಬರುವ ಹಲ್ಲುಗಳಿಗೆ ಜಾಗವನ್ನು ಕಾದಿರಿಸಬೇಕು. ಅವು ಅಕಾಲದಲ್ಲಿ ಹೋದರೆ ಅಕ್ಕಪಕ್ಕದವು ವಾಲಿ ಶಾಶ್ವತದಂತಗಳು ಅಡ್ಡಾದಿಡ್ಡಿಯಾಗುತ್ತವೆ. ಬೇರಿನಲ್ಲಿ ಕೀವಾದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೂ ಕೇಡು. ಅದಕ್ಕಿಂತ ಹೆಚ್ಚಾಗಿ, ಹಲ್ಲುನೋವಿನಿಂದ ಮಗು ಉಣ್ಣುವುದಿಲ್ಲ, ಮಲಗುವುದಿಲ್ಲ, ಎಲ್ಲಿ ನೋಯುತ್ತಿದೆಯೆಂದು ಹೇಳಲಾರದೆ ಕಿರಿಕಿರಿಮಾಡುತ್ತದೆ.

ಆದ್ದರಿಂದ ಮೊದಲ ಹಲ್ಲು ಹುಟ್ಟಿದ ಮೇಲೆ, ತಡವೆಂದರೆ ಒಂದು ವರ್ಷ ತುಂಬುವುದರೊಳಗೆ, ಒಮ್ಮೆ ದಂತವೈದ್ಯರಿಗೆ ತೋರಿಸಬೇಕು; ನೋವಿಲ್ಲದ ದಿನ ಹೋಗಿ ಕುರ್ಚಿಯಲ್ಲಿ ಕೂತು ಬಂದ ಮಗುವಿಗೆ ಆಮೇಲೆ ಆ ಸ್ಥಳ ಹೊಸತಾಗಿರುವುದಿಲ್ಲ. ಮಕ್ಕಳ ದಂತವೈದ್ಯವನ್ನೇ ವಿಶೇಷವಾಗಿ ಓದಿದವರು ಸಿಕ್ಕಿದರೆ ಉತ್ತಮ. ಹಣದ ಅನುಕೂಲವಿಲ್ಲದವರಿಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಸರ್ಕಾರಿ ಆಸ್ಪತ್ರೆಗಳ ದಂತವಿಭಾಗಗಳೂ ಇವೆ; 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ತಪಾಸಣೆ ಮಾಡುವ ವಿಷಯಗಳಲ್ಲಿ ಹಲ್ಲಿನ ತೊಂದರೆಯೂ ಸೇರಿದೆಯಾಗಿ, ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಬಹುದು. ವೈದ್ಯರಲ್ಲಿಗೆ ಹೋಗುವಾಗ ವಾಸನೆ ಎಷ್ಟು ದಿನದಿಂದ ಇದೆ, ಬೆಳಗ್ಗೆ ಮಾತ್ರವೋ ದಿನವಿಡೀಯೋ, ಮಗು ಬಾಯಿ ತೆರೆದು ಮಲಗುತ್ತದೆಯೆ, ಸಿಂಬಳ ಬರುತ್ತಿದ್ದರೆ ಯಾವ ಹೊಳ್ಳೆಯಿಂದ, ರಾತ್ರಿ ಹಾಲು ಎಷ್ಟು ಹೊತ್ತಿಗೆ, ಬಾಟಲಿಯಲ್ಲೋ ಲೋಟದಲ್ಲೋ, ಅದಕ್ಕೆ ಸಕ್ಕರೆ ಎಷ್ಟು, ಕುಡಿಯುವ ನೀರು ಕೊಳವೆಬಾವಿಯದೋ ಘಟಕದ್ದೋ ಎಂಬಿವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಈಗ ಕೊಡುತ್ತಿರುವ ಸಿರಪ್ಪಿನ ಬಾಟಲಿಯನ್ನೂ ಪೇಸ್ಟಿನ ಟ್ಯೂಬನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೋಗಬೇಕು.